ಕವಿಸಮಯದ ಹಂಸವೂ ಕೆರೆಯ ಹೆಬ್ಬಾತೂ

ಲೋಕದಲ್ಲಿ ಇಲ್ಲದುದನ್ನು ಉಂಟೆಂದೂ, ಇರುವುದನ್ನು ಇಲ್ಲವೆಂದೂ, ಹಲವೆಡೆ ಇರುವುದನ್ನು ಒಂದೇ ಎಡೆಗೆ ನಿಯಮಿಸಿಯೂ ವರ್ಣಿಸುವ ಪದ್ಧತಿಗೆ ಲಾಕ್ಷಣಿಕರು ಕವಿಸಮಯವೆಂದು ಹೆಸರಿಟ್ಟರು. ರಾಜಶೇಖರನ ಕಾವ್ಯಮೀಮಾಂಸೆಯಲ್ಲಿ ಇದರ ವಿಸ್ತಾರವಾದ ವಿವೇಚನೆಯಿದೆ. ಹಂಸವು ಹಾಲನ್ನು ನೀರಿನಿಂದ ಬೇರ್ಪಡಿಸುವುದು, ಚಕ್ರವಾಕದ ಜೋಡಿ ಇರುಳಿನಲ್ಲಿ ಅಗಲುವುದು, ಕೋಗಿಲೆ ವಸಂತದಲ್ಲಿ ಮಾತ್ರ ಉಲಿಯುವುದು ಮೊದಲಾದವನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಕಂಠಪಾಠ ಮಾಡುತ್ತಾರೆ. ಆದರೆ ಆ ಪಕ್ಷಿಗಳನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಪದವನ್ನು ಬಲ್ಲವನು ಪದಾರ್ಥವನ್ನು ಅರಿಯದಿದ್ದರೆ ಕಾವ್ಯಪಾಠವು ಅರ್ಧವೇ ಆಯಿತು.

ಈ ಕೊರತೆಯನ್ನು ತುಂಬಲು ದೂರ ಹೋಗಬೇಕಾಗಿಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೇ ನೋಡಬಹುದು. ಆದಿಕವಿ ಪಂಪನು ಯಾವ ಸೀಮೆಯ ಕನ್ನಡದ ತಿರುಳಿನಲ್ಲಿ ತನ್ನ ಭಾರತವನ್ನು ರಚಿಸಿದೆನೆಂದು ಹೇಳಿಕೊಂಡನೋ ಆ ಪುಲಿಗೆರೆ, ಇಂದಿನ ಲಕ್ಷ್ಮೇಶ್ವರ, ಇಲ್ಲಿಗೆ ಸಮೀಪದಲ್ಲಿದೆ. ಮಳೆನೀರನ್ನು ನೀರಾವರಿಗಾಗಿ ಹಿಡಿದಿಡಲು ಕಟ್ಟಿದ ಈ ಕೆರೆಯ ವಿಸ್ತಾರ ಸುಮಾರು 50 ಹೆಕ್ಟೇರು. 2024ರಲ್ಲಿ ಇದು ರಾಮ್ಸಾರ್ ಜೌಗುತಾಣಗಳ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಸಂಖ್ಯೆಯನ್ನು ಸುಮಾರು 8,000 ಎಂದು ಲೆಕ್ಕಿಸಲಾಗಿದೆ.

ಬೂದುಬಣ್ಣದ ಮೈ, ಬಿಳಿಯ ತಲೆ, ಹಿಂದಲೆಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಛಾಯೆಯ ಕೊಕ್ಕು ಮತ್ತು ಕಾಲು: ಇವು ಇದರ ಲಕ್ಷಣಗಳು. ಮಂಗೋಲಿಯಾ, ಟಿಬೆಟ್ ಮೊದಲಾದ ಎತ್ತರದ ನಾಡುಗಳ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. 7,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಇವು ಹಾರಿದುದು ದಾಖಲಾಗಿದೆ. ವಿರಳವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಹೀರಿಕೊಳ್ಳುವ ವಿಶೇಷ ಶಕ್ತಿ ಇದರ ರಕ್ತಕ್ಕಿದೆ.

ಇನ್ನು ಕಾವ್ಯದೊಡನೆ ಹೋಲಿಸಿ ನೋಡಬೇಕು. ಅಮರಕೋಶದ ರಾಜಹಂಸಕ್ಕೆ ಬಿಳಿಯ ಮೈ, ಕೆಂಪು ಕೊಕ್ಕು, ಕೆಂಪು ಕಾಲು. ಈ ವರ್ಣವು ಹೆಬ್ಬಾತಿಗೆ ಪೂರ್ಣವಾಗಿ ಹೊಂದದು. ಆದರೆ ನಡೆ ಹೊಂದುತ್ತದೆ. ಶರದೃತುವಿನಲ್ಲಿ ತಿಳಿಗೊಂಡ ಕೊಳಗಳಿಗೆ ಹಂಸಗಳು ಬರುವುವೆಂದು ಕವಿಗಳು ವರ್ಣಿಸುತ್ತಾರೆ. ಹೆಬ್ಬಾತುಗಳೂ ಕಾರ್ತಿಕದ ಸುಮಾರಿಗೆ ಬಂದಿಳಿಯುತ್ತವೆ. ಹಿಂದಿರುಗುವ ಕಾಲದಲ್ಲಿ ಮಾತ್ರ ಭೇದವಿದೆ. ಮೇಘದೂತದ ರಾಜಹಂಸಗಳು ಆಷಾಢದ ಗುಡುಗನ್ನು ಕೇಳಿ ಮಾನಸಕ್ಕೆ ಹೊರಡುತ್ತವೆ. ಮಾಗಡಿಯ ಹೆಬ್ಬಾತುಗಳಾದರೋ ಮಾಘ, ಫಾಲ್ಗುಣಗಳಲ್ಲಿಯೇ ಬೀಳ್ಕೊಳ್ಳುತ್ತವೆ. ಕವಿ ಹೇಳಿದ ದಿಕ್ಕು ಸರಿ, ಮಾಸ ಬೇರೆ.

ಚಕ್ರವಾಕವೂ ಈ ಕೆರೆಯ ಚಳಿಗಾಲದ ಅತಿಥಿಯೇ. ಇರುಳಿನಲ್ಲಿ ಮೇಯುತ್ತ ಜೋಡಿಗಳು ಒಂದನ್ನೊಂದು ಕೂಗಿ ಕರೆಯುವುದರಿಂದಲೇ ವಿರಹದ ಕಲ್ಪನೆ ಹುಟ್ಟಿರಬೇಕು. ಕೋಗಿಲೆಯಾದರೋ ವರ್ಷವಿಡೀ ಇಲ್ಲಿಯೇ ವಾಸಿಸುವ ಹಕ್ಕಿ. ಚಳಿಯಲ್ಲಿ ಬಹುಮಟ್ಟಿಗೆ ಮೌನವಾಗಿದ್ದು, ಯುಗಾದಿಯ ಮುನ್ನ ಕಂಠ ತೆರೆಯುತ್ತದೆ. ಇಂಪಾಗಿ ಉಲಿಯುವುದು ಕಪ್ಪು ಬಣ್ಣದ ಗಂಡು. ಚುಕ್ಕೆಗಳ ಕಂದುಮೈಯ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಹೀಗೆ ಕವಿಸಮಯವು ಬರಿಯ ಸುಳ್ಳಲ್ಲ. ಕಂಡುದನ್ನು ಕಲ್ಪನೆಯಿಂದ ಬೆಳೆಸಿದ ಪರಿ.

ಆದುದರಿಂದ ಅಧ್ಯಾಪಕರು ಮಾಘದಿಂದ ಚೈತ್ರದವರೆಗೆ ವಾರಕ್ಕೊಂದು ಬೆಳಗು ವಿದ್ಯಾರ್ಥಿಗಳನ್ನು ಊರಿನ ಕೆರೆಯ ಏರಿಗೆ ಕರೆದೊಯ್ಯುವುದು ಯೋಗ್ಯ. ದಿನ, ಹಕ್ಕಿಯ ಹೆಸರು, ಎಣಿಕೆ, ಕಡೆಯದಾಗಿ ಕಂಡ ದಿನ ಇವಿಷ್ಟನ್ನು ಬರೆದಿಟ್ಟರೆ ಸಾಕು. ಕೆಲವು ವರ್ಷಗಳ ಬರಹ ಒಟ್ಟುಗೂಡಿದಾಗ ಅದೇ ಊರಿನ ಋತುಸಂಹಾರವಾದೀತು.

ಇನ್ನೊಂದು ಮಾತನ್ನೂ ಮರೆಯಲಾಗದು. ಹಗಲು ನೀರಿನಲ್ಲಿ ವಿರಮಿಸುವ ಹೆಬ್ಬಾತುಗಳು ಇರುಳಿನಲ್ಲಿ ಹೊಲಗಳಿಗಿಳಿದು ಹಿಂಗಾರು ಪೈರನ್ನು ಮೇಯುತ್ತವೆ. ಅತಿಥಿಸತ್ಕಾರದ ವೆಚ್ಚವನ್ನು ಹೊರುವವನು ರೈತ. ಅವನ ನಷ್ಟವನ್ನು ಕಾಣದೆ ಹಕ್ಕಿಯ ಚೆಲುವನ್ನು ಮಾತ್ರ ಕೊಂಡಾಡುವುದು ನ್ಯಾಯವಲ್ಲ. ಕೆರೆಯಲ್ಲಿ ಹೂಳು ತುಂಬಿದರೆ ರೈತನಿಗೆ ನೀರಿಲ್ಲ, ಹಕ್ಕಿಗೆ ನೆಲೆಯಿಲ್ಲ. ಆಗ ಹಂಸವೆಂಬುದು ನಿಘಂಟಿನಲ್ಲಿ ಮಾತ್ರ ಉಳಿಯುತ್ತದೆ. ಮುಂದಿನ ತಲೆಮಾರಿಗೆ ಕವಿಸಮಯವನ್ನು ಒರೆಗೆ ಹಚ್ಚಿ ನೋಡಲು ಕೆರೆಯೇ ಇರುವುದಿಲ್ಲ.