ಎರಡು ಎಕರೆ ಗುತ್ತಿಗೆಯ ಕಾಫಿ

ಸೋಲಾರ್ ದುಡ್ಡು ಬಂದ ವಾರವೇ ತಿರುಮಣಿಯಿಂದ ಅಕ್ಕ ಫೋನ್ ಮಾಡಿದಳು. ‘ನಿಮ್ಮನೇಲಿ ಐತಲ್ಲ, ಬೀಜ ಹಾಕಿದ್ರೆ ತಾನೇ ಪುಡಿ ಮಾಡ್ಕೊಂಡು ಕಾಫಿ ಕೊಡೋ ಮಷಿನ್ನು, ಅಂಥದ್ದು ತಗಳ್ಳೋಣ ಅಂತಾರೆ ನಿಮ್ ಭಾವ. ಎಷ್ಟಾಗ್ತೈತೋ?’

ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವಾಟಿನದು, ಸುಮಾರು 13,000 ಎಕರೆಯಲ್ಲಿ ಹರಡಿದೆ. ಜಮೀನು ಇಂದಿಗೂ ರೈತರ ಹೆಸರಲ್ಲೇ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಮಧುಗಿರಿಯ ನಮ್ಮ ಮನೆಗೆ ಮಷಿನ್ ತಂದಾಗ ನಾನು ಕೊಟ್ಟದ್ದು 52,000. ಅಕ್ಕನ ಲೆಕ್ಕದಲ್ಲಿ ಅದು ಎರಡು ಎಕರೆಯ ಒಂದು ವರ್ಷದ ಆದಾಯ. ರೇಟು ಹೇಳಿ ಫೋನಿಡಲು ಮನಸ್ಸಾಗಲಿಲ್ಲ.

ಮೊದಲ ವರ್ಷ ಮಷಿನ್ ಮೇಲೆ ನನಗೆ ಒಂದು ದೂರೂ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಗುಂಡಿ ಒತ್ತಿದರೆ ಆಗತಾನೇ ಪುಡಿಯಾದ ಬೀಜದ ಘಮ ಹಜಾರದವರೆಗೆ ಬರುತ್ತಿತ್ತು. ಹದಿನಾಲ್ಕನೇ ತಿಂಗಳಿಗೆ ಕಾಫಿ ತೊಟ್ಟಿಕ್ಕತೊಡಗಿತು, ಆಮೇಲೆ ಅದೂ ನಿಂತಿತು. ವಾರಂಟಿ ಒಂದೇ ವರ್ಷದ್ದು. ಬೆಂಗಳೂರಿಗೆ ಹೊತ್ತುಕೊಂಡು ಹೋದೆ. ನೀರು ಕಾಯಿಸುವ ಸಣ್ಣ ಕೊಳವೆಯಲ್ಲಿ ಉಪ್ಪು ಕಟ್ಟಿತ್ತು, ಪಂಪೂ ಹೋಗಿತ್ತು. ಬಿಲ್ಲು 11,400.

ತಪ್ಪು ನನ್ನದು. ನಾವು ಕುಡಿಯುವುದು ಶುದ್ಧ ನೀರಿನ ಘಟಕದ ಫಿಲ್ಟರ್ ನೀರು. ಮಷಿನ್ ಹೇಗೂ ಕಾಯಿಸುತ್ತದಲ್ಲ ಎಂದು ಅದಕ್ಕೆ ಬೋರ್ ನೀರು ತುಂಬುತ್ತಿದ್ದೆ. ಗಡುಸು ನೀರು ಕಾದಾಗಲೇ ಅದರೊಳಗಿನ ಸುಣ್ಣ ಹೊರಬಿದ್ದು ಅಂಟಿಕೊಳ್ಳುವುದು. ಗೀಸರ್ ಕಾಯಿಲ್ ನೋಡಿದವರಿಗೆ ಇದು ಗೊತ್ತು. ನಾಲ್ಕು ಲೋಟ ಕಾಫಿಗೆ, ತೊಳೆದು ಚೆಲ್ಲುವುದೂ ಸೇರಿ, ನಮ್ಮ ಮಷಿನ್ ದಿನಕ್ಕೆ ಕುಡಿಯುವುದು ಒಂದು ಲೀಟರಿನ ಆಸುಪಾಸು. ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಹಿಡಿದ 20 ಲೀಟರಿನ ಕ್ಯಾನು ಎರಡು ವಾರ ದಾಟುತ್ತದೆ. ಆ ಹದಿನಾಲ್ಕು ತಿಂಗಳಿಗೆ ಇನ್ನೂರು ರೂಪಾಯಿಯ ನೀರು ಸಾಕಾಗುತ್ತಿತ್ತು.

ಅಕ್ಕನ ಊರಿನ ಕಡೆ ಬೋರ್ ನೀರಿನಲ್ಲಿ ಫ್ಲೋರೈಡೂ ಇದೆ. ಕುದಿಸಿದರೆ ಅದು ಹೋಗುವುದಿಲ್ಲ; ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಹಾಗಾಗಿ ಮಷಿನ್ ಉಳಿಸುವುದಕ್ಕಿಂತ ಮೊದಲು ಮೈ ಉಳಿಸಲು ಘಟಕದ ನೀರೇ ಬೇಕು ಎಂದು ಅವಳಿಗೆ ಒತ್ತಿ ಹೇಳಿದೆ.

ಇನ್ನು ಆರಿಸುವ ಮಾತು. ಡಬ್ಬಿಯ ಮೇಲೆ 15 ಬಾರ್, 19 ಬಾರ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಕಾಫಿ ಇಳಿಯಲು ಬೇಕಾದ ಒತ್ತಡ ಸುಮಾರು 9 ಬಾರ್, ಆ ಅಂಕಿಗೆ ಹೆಚ್ಚು ದುಡ್ಡು ಕೊಡಬಾರದು. ಪುಡಿಯನ್ನು ಒತ್ತಿ ಕಾಫಿ ಇಳಿಸುವ ಒಳಗಿನ ಭಾಗ ಕೈಗೆ ಬಿಚ್ಚಿ ಬರಬೇಕು, ವಾರಕ್ಕೊಮ್ಮೆ ನಲ್ಲಿ ಕೆಳಗೆ ತೊಳೆಯುವಂತಿರಬೇಕು. ಶಿರಾದಲ್ಲಿರುವ ನಮ್ಮ ಚಿಕ್ಕಪ್ಪನ ಮಗನದು ಬಿಚ್ಚಲು ಬಾರದ ಮಷಿನ್. ಒಳಗೆ ಬೂಷ್ಟು ಹಿಡಿದು, ವಾಸನೆ ಬಂದು ಮೂಲೆ ಸೇರಿದೆ. ಹಾಲಿಗೆ ಬರೀ ಆವಿಯ ನಳಿಕೆ ಇದ್ದರೆ ಸಾಕು. ಹಾಲಿನ ಡಬ್ಬಿ ಜೋಡಿಸಿದ್ದಾದರೆ ಅದರ ಸಂದಿಗೊಂದಿಗಳನ್ನು ದಿನಾ ತೊಳೆಯುವುದೇ ಕೆಲಸ. ಸುಮಾರು 1,450 ವ್ಯಾಟ್ ಎಳೆಯುವ ಮಷಿನ್ನು, ಮನೆಯ ಸಣ್ಣ ಇನ್ವರ್ಟರ್ ತಡೆಯುವುದಿಲ್ಲ.

ಚಿಕೋರಿಯ ವಿಷಯ ಅಂಗಡಿಯವರು ಎತ್ತುವುದೇ ಇಲ್ಲ. ಬೀಜದ ಡಬ್ಬಿಗೆ ಹುರಿದ ಬೀಜ ಮಾತ್ರ ಹಾಕಬೇಕು. ಚಿಕೋರಿ ಬೆರೆತ ಪುಡಿ ಬೇಕೆಂದರೆ ಪಕ್ಕದ ಕಿಂಡಿಯಿಂದ ಸಲಕ್ಕೆ ಒಂದು ಲೋಟದಷ್ಟೇ. ಅಮ್ಮನಿಗೆ ಚಿಕೋರಿ ಇಲ್ಲದ ಕಾಫಿ ಕಾಫಿಯೇ ಅಲ್ಲ. ಕೊರಟಗೆರೆಯಿಂದ ನೆಂಟರು ಎಂಟು ಜನ ಬಂದ ದಿನ ಸ್ಟೀಲ್ ಫಿಲ್ಟರೇ ಕೈ ಹಿಡಿಯಿತು, ಒಂದೇ ಸಲಕ್ಕೆ ಎಲ್ಲರಿಗೂ ಡಿಕಾಕ್ಷನ್.

ಐದು ವರ್ಷಕ್ಕೆ ಲೆಕ್ಕ ಹಾಕಿದೆ. ಮಷಿನ್ 52,000, ರಿಪೇರಿ 11,400, ಉಪ್ಪು ತೆಗೆಯುವ ದ್ರಾವಣಕ್ಕೆ ವರ್ಷಕ್ಕೆ 2,000. ಒಟ್ಟು 73,400. ದಿನಕ್ಕೆ ನಾಲ್ಕು ಲೋಟದಂತೆ 7,300 ಲೋಟ. ಬೀಜ, ಹಾಲು, ಸಕ್ಕರೆ, ಕರೆಂಟು ಸೇರದೆಯೇ ಲೋಟಕ್ಕೆ ಹತ್ತು ರೂಪಾಯಿ. ನನಗೆ ಇದು ಒಪ್ಪಿಗೆ. ಸಕ್ಕರೆಯಿಲ್ಲದ ಕಪ್ಪು ಕಾಫಿ ನನ್ನ ಬೆಳಗಿನ ಸುಖ. ಅಕ್ಕನ ಮನೆಯಲ್ಲಿ ಎಲ್ಲರೂ ಹಾಲಿನ ಕಾಫಿ, ಅದೂ ಚಿಕೋರಿಯದು. ಅವರಿಗೆ ಬೀಜ ಪುಡಿ ಮಾಡುವ ಮೂರು ಸಾವಿರದ ಗ್ರೈಂಡರೂ ಒಂದು ಒಳ್ಳೆಯ ಫಿಲ್ಟರೂ ಸಾಕು ಎಂದೆ.

ಅಕ್ಕ ಒಂದು ಗಳಿಗೆ ಮಾತಾಡಲಿಲ್ಲ. ‘ಹಂಗಾರೆ ಉಳಿದಿದ್ದು ಪೋಸ್ಟಾಫೀಸಲ್ಲಿ ಇಡ್ತೀನಿ ಬಿಡೋ. ಭಾವಂಗೆ ನೀನೇ ಹೇಳು’ ಎಂದಳು.