ಸಂಧಿವಾತ ಇದ್ದವರು ಸಣ್ಣ ಆಪರೇಷನ್‌ಗೆ ಒಪ್ಪುವ ಮೊದಲು

ಆಪರೇಷನ್‌ಗೆ ದಿನ ಗೊತ್ತಾದ ಕೂಡಲೇ ದಿನನಿತ್ಯದ ಗುಳಿಗೆಗಳನ್ನೆಲ್ಲ ತಾವೇ ನಿಲ್ಲಿಸಿಬಿಡುವವರಿದ್ದಾರೆ. "ವಾತದ ಗುಳಿಗಿ ತಗೊಂಡ್ರ ಗಾಯ ಮಾಯಂಗಿಲ್ಲ" ಎಂದು ಯಾರೋ ಹೇಳಿರುತ್ತಾರೆ. ಈ ಬರಹ ಮುಖ್ಯವಾಗಿ ಅಂಥವರಿಗಾಗಿ.

ರುಮಟಾಯ್ಡ್ ಸಂಧಿವಾತ, ಲೂಪಸ್, ಸೋರಿಯಾಸಿಸ್ ಇವೆಲ್ಲ ಆಟೋಇಮ್ಯೂನ್ ಕಾಯಿಲೆಗಳು. ರೋಗಾಣುಗಳ ಮೇಲೆ ಹೋರಾಡಬೇಕಾದ ಶಕ್ತಿ ನಮ್ಮದೇ ಕೀಲು, ಚರ್ಮ, ಕಿಡ್ನಿಯ ಮೇಲೆ ತಿರುಗಿರುತ್ತದೆ. ಅದನ್ನು ತಗ್ಗಿಸುವ ಔಷಧಿಗಳು ಸೋಂಕು ತಡೆಯುವ ಬಲವನ್ನೂ ಅಷ್ಟಿಷ್ಟು ತಗ್ಗಿಸುತ್ತವೆ. ಹಾಗೆಂದು ಕಣ್ಣಿನ ಪೊರೆ, ಹರ್ನಿಯಾ, ಕೊಬ್ಬಿನ ಗಂಟು, ಹಲ್ಲು ಕೀಳಿಸುವುದು ಯಾವುದೂ ಇವರಿಗೆ ನಿಷಿದ್ಧವಲ್ಲ. ಬೇಕಾದದ್ದು ತಯಾರಿ.

ಹಂತ 1: ಈಗಲೇ ಬೇಕೇ ಎಂದು ಕೇಳಿ

ನೋವಿಲ್ಲದ, ಬೆಳೆಯದ ಕೊಬ್ಬಿನ ಗಂಟು ವರ್ಷಗಟ್ಟಲೆ ಸುಮ್ಮನಿರಬಲ್ಲದು. ಕಣ್ಣಿನ ಪೊರೆಯೂ ಸಾಮಾನ್ಯವಾಗಿ ಕೆಲವು ತಿಂಗಳು ಕಾಯುತ್ತದೆ. ಆದರೆ ಒಳಗೆ ಹೋಗುತ್ತಿದ್ದ ಹರ್ನಿಯಾ ಹೊರಗೇ ಸಿಕ್ಕಿಕೊಂಡು ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಯಾವ ಲೆಕ್ಕಾಚಾರವೂ ಬೇಡ. 108ಕ್ಕೆ ಕರೆ ಮಾಡಿ, ಅಂದೇ ದವಾಖಾನೆ ಸೇರಿ. ಉಳಿದಂತೆ ಸರ್ಜನ್‌ಗೆ ನೇರವಾಗಿ ಕೇಳಿ: ಆರು ತಿಂಗಳು ಬಿಟ್ಟರೆ ಏನಾಗುತ್ತದೆ? ಆಪರೇಷನ್ ಇಲ್ಲದೆ ದಾರಿ ಇದೆಯೇ? ಬರೀ ಆ ಜಾಗ ಜೋಮು ಹಿಡಿಸಿ ಮಾಡಬಹುದೇ, ಪೂರ್ತಿ ಅರಿವಳಿಕೆ ಬೇಕೇ?

ಹಂತ 2: ಮನೆಯ ಔಷಧಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ

ಚೀಟಿ ಸಾಲದು, ವೈದ್ಯರಿಗೆ ತೋರಿಸಲು ಗುಳಿಗೆಯ ಸ್ಟ್ರಿಪ್‌ಗಳೇ ಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಗುಳಿಗೆ. ಅದು ಯಾವ ದಿನ ಎಂದು ಬರೆದಿಡಿ. ಇದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ನೋವಿನ ಗುಳಿಗೆ, ರಕ್ತ ತೆಳುವಾಗಿಸುವ ಗುಳಿಗೆ ಯಾವುದನ್ನೂ ಚೀಲದಿಂದ ಹೊರಗೆ ಬಿಡಬೇಡಿ.

ಇನ್ನೊಂದನ್ನು ಮುಚ್ಚಿಡದೆ ಹೇಳಲೇಬೇಕು. ಹೆಸರಿಲ್ಲದ ಪೊಟ್ಟಣದ ಪುಡಿ, "ಕೀಲುಬ್ಯಾನಿ"ಗೆ ಹಾಕಿಸಿಕೊಂಡ ಸೂಜಿ, ತಿಂದ ಮರುದಿನವೇ ಆರಾಮ ಕೊಡುವ ಮಾತ್ರೆ, ಇವುಗಳಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ವೈದ್ಯರು ಬೈದಾರೆಂದು ಹೆದರಿ ಸುಮ್ಮನಾದರೆ ಮುಂದಿನ ಹಂತ ಪೂರಾ ತಪ್ಪುತ್ತದೆ.

ಹಂತ 3: ಸ್ಟಿರಾಯ್ಡ್ ಥಟ್ಟನೆ ನಿಲ್ಲಿಸಬೇಡಿ

ಸಂಧಿವಾತದ ರೋಗಿಗೆ ಕಾರ್ಟಿಸೋನ್ ಮೊದಲು ಕೊಟ್ಟದ್ದು 1948ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ. 1950ರಲ್ಲಿ ಆ ಶೋಧಕ್ಕೆ ನೊಬೆಲ್ ಬಂತು. 1952ರಲ್ಲಿ ಅದೇ ಔಷಧಿಯ ಇನ್ನೊಂದು ಮುಖ ವೈದ್ಯರ ಪತ್ರಿಕೆಯಲ್ಲಿ ವರದಿಯಾಯಿತು: ಕಾರ್ಟಿಸೋನ್ ಮೇಲಿದ್ದ ಸಂಧಿವಾತದ ರೋಗಿಯೊಬ್ಬರು, ಆಪರೇಷನ್‌ಗೆಂದು ಅದನ್ನು ನಿಲ್ಲಿಸಿದ ಮೇಲೆ, ರಕ್ತದೊತ್ತಡ ಕುಸಿದು ತೀರಿಕೊಂಡಿದ್ದರು.

ಕಾರಣ ಸರಳ. ಕಿಡ್ನಿಗಳ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಮೈಗೆ ಗಾಯವಾದಾಗ, ಆಪರೇಷನ್ ಆದಾಗ ತಡೆದುಕೊಳ್ಳುವ ಬಲ ಕೊಡುವ ಕಾರ್ಟಿಸೋಲ್ ಅಲ್ಲಿ ತಯಾರಾಗುತ್ತದೆ. ಪ್ರೆಡ್ನಿಸೊಲೋನ್‌ನಂಥ ಗುಳಿಗೆ ಕೆಲವು ವಾರ ಸತತವಾಗಿ ಹೊಟ್ಟೆಗೆ ಹೋದರೆ ಆ ಗ್ರಂಥಿಗಳು ಕೆಲಸ ಬಿಟ್ಟು ಕೂರುತ್ತವೆ. ಗುಳಿಗೆ ನಿಲ್ಲಿಸಿದ ಮರುದಿನವೇ ಅವು ಮತ್ತೆ ದುಡಿಯಲಾರವು, ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ಆದ್ದರಿಂದ ಸಾಮಾನ್ಯವಾಗಿ, ಆಪರೇಷನ್ ದಿನದ ಬೆಳಿಗ್ಗೆಯೂ ಎಂದಿನ ಸ್ಟಿರಾಯ್ಡ್ ಗುಳಿಗೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಲು ಹೇಳುತ್ತಾರೆ. ಹೆಚ್ಚುವರಿ ಸೂಜಿ ಬೇಕೇ ಎಂಬುದು ಅರಿವಳಿಕೆ ವೈದ್ಯರ ತೀರ್ಮಾನ.

ಹಂತ 4: ಉಳಿದ ಔಷಧಿಗಳನ್ನು ಒಂದೊಂದಾಗಿ ಕೇಳಿ

ಸೊಂಟ, ಮೊಣಕಾಲಿನ ಕೀಲು ಬದಲಿಸುವ ದೊಡ್ಡ ಆಪರೇಷನ್‌ಗಳಲ್ಲೂ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಮುಂದುವರಿಸಿ ಎಂದು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2017ರಲ್ಲಿ ಹೇಳಿತು, 2022ರಲ್ಲೂ ಅದನ್ನೇ ಉಳಿಸಿಕೊಂಡಿತು. ನಿಲ್ಲಿಸಿದರೆ ಕಾಯಿಲೆ ಕೆರಳಿ, ಕೋಲು ಹಿಡಿದು ಏಳುವುದಕ್ಕೂ ಕೈ ಬಾರದು. ಕಿಡ್ನಿ ತೊಂದರೆಯೋ ಸೋಂಕೋ ಇದ್ದರೆ ಮಾತು ಬೇರೆ. ಅಡಾಲಿಮುಮ್ಯಾಬ್‌ನಂಥ ದುಬಾರಿ ಸೂಜಿ ತೆಗೆದುಕೊಳ್ಳುವವರು ಮುಂದಿನ ಸೂಜಿಯ ಸರದಿ ಬಂದಾಗ ಅದನ್ನು ತಡೆಹಿಡಿದು, ಆ ವಾರವೇ ಆಪರೇಷನ್ ಇಟ್ಟುಕೊಳ್ಳುವುದು ರೂಢಿ. ಟೊಫಾಸಿಟಿನಿಬ್ ಆದರೆ ಕನಿಷ್ಠ 3 ದಿನ ಮೊದಲು ನಿಲ್ಲಿಸುತ್ತಾರೆ. ಲೂಪಸ್‌ನವರ ಲೆಕ್ಕ ಬೇರೆ, ಕಾಯಿಲೆಯ ತೀವ್ರತೆ ನೋಡಿ ವೈದ್ಯರು ಹೇಳುತ್ತಾರೆ.

ಹಂತ 5: ಇಬ್ಬರು ವೈದ್ಯರ ಮಾತು ಕಾಗದದ ಮೇಲೆ ಕೂಡಲಿ

ಕೀಲಿನ ವೈದ್ಯರು ಒಂದು ಕಡೆ, ಸರ್ಜನ್ ಇನ್ನೊಂದು ಕಡೆ. ನಡುವೆ ಸುದ್ದಿ ಒಯ್ಯುವವರು ನೀವು. ಬಾಯಿಮಾತು ಸಾಲದು. "ಯಾವುದು ಮುಂದುವರಿಸಬೇಕು, ಯಾವುದು ಯಾವ ದಿನ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು, ಬರೆದು ಕೊಡ್ರಿ ಸಾಹೇಬ್ರ" ಎಂದು ಕೇಳಿ ಚೀಟಿ ತನ್ನಿ. ಬಮ್ಮಿಗಟ್ಟಿಯಂಥ ಹಳ್ಳಿಯವರು ಕಲಘಟಗಿ ತಾಲೂಕು ಆಸ್ಪತ್ರೆಯಿಂದ ಶುರುಮಾಡುವುದು ಒಳ್ಳೆಯದು. ಅಲ್ಲಿ ಆಗದ್ದಕ್ಕೆ ರೆಫರಲ್ ಬರೆಸಿಕೊಂಡು, 1957ರಿಂದ ಈ ಭಾಗದ ಆಸರೆಯಾಗಿರುವ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಹೋಗಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಧಾರ್, ರೇಷನ್ ಕಾರ್ಡ್ ಮರೆಯಬೇಡಿ.

ಹಂತ 6: ಕುತ್ತಿಗೆಯ ಮಾತು ಎತ್ತಿ

ರಕ್ತ, ಸಕ್ಕರೆ, ಲಿವರ್, ಕಿಡ್ನಿ ಪರೀಕ್ಷೆ ಹೇಗೂ ಮಾಡುತ್ತಾರೆ. ರೋಗಿಗಳು ತಾವಾಗಿ ಹೇಳಬೇಕಾದದ್ದು ಕುತ್ತಿಗೆಯ ವಿಷಯ. ಬಹಳ ವರ್ಷದ ರುಮಟಾಯ್ಡ್ ಸಂಧಿವಾತದಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಕಟ್ಟು ಸಡಿಲಾಗಿರಬಹುದು. ಪೂರ್ತಿ ಅರಿವಳಿಕೆ ಕೊಟ್ಟು ಗಂಟಲಲ್ಲಿ ಕೊಳವೆ ಇಳಿಸುವಾಗ ಕುತ್ತಿಗೆ ಬಾಗಿಸಿದರೆ ನರಕ್ಕೆ ಪೆಟ್ಟಾದೀತು. ಕುತ್ತಿಗೆ ನೋವು, ಕೈ ಜೋಮು, ಬಾಯಿ ಪೂರ್ತಿ ತೆರೆಯಲಾಗದಿರುವುದು ಯಾವುದಿದ್ದರೂ ಹೇಳಿ, ಎಕ್ಸ್‌ರೇ ಬೇಕೇ ಎಂದು ಕೇಳಿ.

ಹಂತ 7: ದಿನ ಆರಿಸಿ

ಕೀಲು ಬಾತು ಕೆರಳಿರುವಾಗ, ಜ್ವರ, ಕೆಮ್ಮು, ಹಲ್ಲಿನ ಕೀವು, ಕಾಲಲ್ಲಿ ಹುಣ್ಣು ಇರುವಾಗ ಬೇಡ. ಹೊಲದ ಲೆಕ್ಕವನ್ನೂ ಹಾಕಿ. ಬಿತ್ತನೆಯ ಮುಂಚೆ ಹರ್ನಿಯಾ ಮಾಡಿಸಿಕೊಂಡು, ವಾರ ಕಳೆಯುವುದರೊಳಗೆ ಗೊಬ್ಬರದ ಚೀಲ ಎತ್ತಿದರೆ ಮಾಡಿಸಿದ್ದೂ ವ್ಯರ್ಥ. ಹಸಿ ಗಾಯ ಇಟ್ಟುಕೊಂಡು ಭತ್ತದ ಗದ್ದೆಗೋ ದನದ ಕೊಟ್ಟಿಗೆಗೋ ಇಳಿಯುವಂತಿಲ್ಲ. ಆ ಕೆಲಸ ಯಾರು ಮಾಡುತ್ತಾರೆಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಲಿ. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ. ದಯವಿಟ್ಟು ಕೇಳಿ.

ಹಂತ 8: ಮನೆಗೆ ಬಂದ ಮೇಲೆ

ಗಾಯ ಮಾಯಲು ಉಳಿದವರಿಗಿಂತ ತಡವಾಗಬಹುದು. ಹೊಲಿಗೆ ಬಿಚ್ಚುವ ದಿನವನ್ನು ವೈದ್ಯರೇ ಹೇಳಲಿ. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಸೋಂಕಾದರೂ ಜ್ವರ ಕಾಣಿಸದೇ ಇರಬಹುದು. ಗಾಯದ ಸುತ್ತ ಕೆಂಪಾದರೆ, ನೋವು ಇಳಿಯುವ ಬದಲು ಏರಿದರೆ, ಕೀವು ಕಂಡರೆ, ತಲೆ ಸುತ್ತಿ ತೀರಾ ನಿಶ್ಶಕ್ತಿಯಾದರೆ ಜ್ವರ ಬರಲಿ ಎಂದು ಕಾಯಬೇಡಿ. ಅಂದೇ, ವೈದ್ಯರು ಬರೆದುಕೊಟ್ಟ ಔಷಧಿಯ ಚೀಟಿ ಹಿಡಿದುಕೊಂಡು ದವಾಖಾನೆಗೆ ಹೋಗಿ.