ಇಲಿಯ ಒಂದು ಜೀನು ಮತ್ತು ಗಬ್ಬದ ಹಸುವಿಗೆ ನೆರಳು

ಪ್ರೊಲ್ಯಾಕ್ಟಿನ್ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರು ತರಬೇತಿಯಲ್ಲಿ ಕೇಳಿರುತ್ತೀರಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಈ ಹಾರ್ಮೋನು ಕೆಚ್ಚಲನ್ನು ಹಾಲಿಗೆ ಅಣಿಗೊಳಿಸುತ್ತದೆ. ಮನುಷ್ಯರಲ್ಲಿ ಇದಕ್ಕೆ ಒಂದೇ ಜೀನು. ಇಲಿಗಳಲ್ಲಿ ಹಾಗಲ್ಲ, ಅದೊಂದು ದೊಡ್ಡ ಕೂಡು ಕುಟುಂಬ: ಪ್ರೊಲ್ಯಾಕ್ಟಿನ್ ಜಾತಿಗೆ ಸೇರಿದ 20ಕ್ಕೂ ಹೆಚ್ಚು ಜೀನುಗಳಿವೆ. ಅವುಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಕೆಚ್ಚಲಲ್ಲಿ ಅಲ್ಲ, ಗಬ್ಬದ ಕಾಲದಲ್ಲಿ ಗರ್ಭಕೋಶ ಮತ್ತು ಮಾಸಿನಲ್ಲಿ. ಕರು ಹಾಕಿದ ಮೇಲೆ ಬೀಳುವ ಸತ್ತೆ ಎನ್ನುತ್ತೀರಲ್ಲ, ಅದೇ ಮಾಸು. ಹಸುವಿನ ಮಾಸಿನಲ್ಲೂ ಈ ಕುಟುಂಬದ ಹಲವು ಜೀನುಗಳಿವೆ.

ಇಷ್ಟೊಂದು ಜೀನುಗಳು ಯಾಕೆ ಬೇಕು? ಅಮೆರಿಕದ ಕಾನ್ಸಾಸ್‌ನಲ್ಲಿ ಮೈಕೆಲ್ ಸೋರೆಸ್ ಮತ್ತು ಸಂಗಡಿಗರು ಇದನ್ನೇ ಹುಡುಕಿದರು. ಇಲಿಯ ಮಾಸಿನಲ್ಲಿ ತಯಾರಾಗುವ ಪ್ರೊಲ್ಯಾಕ್ಟಿನ್-ಲೈಕ್ ಪ್ರೋಟೀನ್-ಎ ಎಂಬುದರ ಜೀನನ್ನು ತೆಗೆದುಹಾಕಿ ಇಲಿಗಳನ್ನು ಬೆಳೆಸಿದರು. ಏನಾದರೂ ಕೆಡಬೇಕಿತ್ತು. ಹೇಳಿಕೊಳ್ಳುವಂಥದ್ದೇನೂ ಕೆಡಲಿಲ್ಲ. ತಂಪಾದ ಕೋಣೆ, ಹೊಟ್ಟೆ ತುಂಬ ಮೇವು, ನೀರು. ಇಲಿಗಳು ಗಬ್ಬ ಕಟ್ಟಿದವು, ಮರಿ ಹಾಕಿದವು. ಇಲ್ಲಿಗೇ ನಿಲ್ಲಿಸಿದ್ದರೆ ಈ ಜೀನು ದಂಡ ಎಂದು ಬರೆದುಬಿಡಬಹುದಿತ್ತು.

ಅವರು ಇನ್ನೊಂದು ಹೆಜ್ಜೆ ಹೋದರು. ಗಬ್ಬದ ಇಲಿಗಳನ್ನು ಆಮ್ಲಜನಕ ಕಡಿಮೆ ಇರುವ ಗಾಳಿಯಲ್ಲಿ ಇಟ್ಟರು. ಜೀನು ಇದ್ದ ಇಲಿಗಳ ಗರ್ಭಕೋಶ ಮತ್ತು ಮಾಸು ಆ ಕಷ್ಟಕ್ಕೆ ಹೊಂದಿಕೊಂಡವು, ಗಬ್ಬ ಉಳಿಯಿತು. ಜೀನು ಇಲ್ಲದವು ಹೊಂದಿಕೊಳ್ಳಲಾರದೆ ಗಬ್ಬ ಕಳೆದುಕೊಂಡವು. 2004ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಸುಖದಲ್ಲಿ ಕಾಣದ ಕೊರತೆ ಕಷ್ಟ ಬಂದಾಗ ಬಯಲಾಯಿತು.

ಇಲಿಯದ್ದನ್ನು ಹಾಗೇ ಎತ್ತಿ ಹಸುವಿಗೆ ಅಂಟಿಸಬಾರದು. ಇಲಿಯಲ್ಲಿ ಗಬ್ಬದ ಮೊದಲ ದಿನಗಳನ್ನು ಕಾಯುವುದು ಪ್ರೊಲ್ಯಾಕ್ಟಿನ್. ಹಸುವಿನಲ್ಲಿ ಆ ಕೆಲಸ ಮಾಡುವುದು ಭ್ರೂಣವೇ ಹೊರಡಿಸುವ ಇಂಟರ್‌ಫೆರಾನ್-ಟೌ. 16-18ನೇ ದಿನದ ಹೊತ್ತಿಗೆ ಅದರ ಸಂದೇಶ ಮುಟ್ಟಿದರೆ 21ನೇ ದಿನಕ್ಕೆ ಬೆದೆ ಮರಳುವುದಿಲ್ಲ. ಆದ್ದರಿಂದ ಗಬ್ಬ ನಿಲ್ಲಲು ಪ್ರೊಲ್ಯಾಕ್ಟಿನ್ ಸೂಜಿ ಇದೆಯೇ ಎಂದು ಕೇಳಬೇಡಿ. ಆದರೆ ಮಾಸಿಗೂ ಕಷ್ಟಕಾಲಕ್ಕೂ ಇರುವ ನಂಟು ನಮ್ಮ ಕೊಟ್ಟಿಗೆಗೂ ಸಂಬಂಧಿಸಿದ್ದೇ.

ನಮ್ಮ ಹಸುವಿಗೆ ಬರುವ ಕಷ್ಟ ಆಮ್ಲಜನಕದ್ದಲ್ಲ, ಬಿಸಿಲಿನದು. ಧಗೆಯಲ್ಲಿ ಹಸು ಮೈ ತಣಿಸಿಕೊಳ್ಳಲು ರಕ್ತವನ್ನು ಚರ್ಮದ ಕಡೆ ಹರಿಸುತ್ತದೆ, ಗರ್ಭಕೋಶಕ್ಕೆ ಹೋಗುವುದು ತಗ್ಗುತ್ತದೆ. ಕರು ಹೆಚ್ಚು ತೂಕ ಕಟ್ಟುವುದು ಕೊನೆಯ ಎರಡು-ಮೂರು ತಿಂಗಳಲ್ಲಿ. ಹಾಲು ಬತ್ತಿಸಿ 60 ದಿನ ಬಿಡುವುದೂ ಆಗಲೇ. ಕೆಚ್ಚಲಿನ ಹಳೆಯ ಜೀವಕೋಶಗಳು ಹೋಗಿ ಹೊಸವು ಬರುವ ಕಾಲ ಅದು. ಈ ಅವಧಿಯಲ್ಲಿ ಬಿಸಿಲಿಗೆ ಬಳಲಿದ ಹಸುವಿನ ಕರು ಹಗುರ, ಮುಂದಿನ ಸೂಲಿನಲ್ಲಿ ಹಾಲೂ ಕಡಿಮೆ. ಸಂಘದಲ್ಲಿ ಹಾಲು ಅಳೆಯುವಾಗ ಕಾರಣ ಯಾರಿಗೂ ನೆನಪಿರುವುದಿಲ್ಲ, ಪಶು ಆಹಾರದ ಮೇಲೆ ತಪ್ಪು ಹೊರಿಸುತ್ತೇವೆ.

ನಾನು ಹಳ್ಳಿ ಸುತ್ತುವಾಗ ಕಾಣುವುದು ಒಂದೇ ದೃಶ್ಯ. ಹಾಲು ಕೊಡುವ ಹಸು ಫ್ಯಾನಿನ ಕೆಳಗೆ, ಬತ್ತಿಸಿದ ಗಬ್ಬದ ಹಸು ಬದುವಿನ ಗೂಟಕ್ಕೆ. ‘ಅದೀಗ ಹಾಲು ಕೊಡ್ತಿಲ್ವಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಕೊಡುತ್ತಿಲ್ಲ, ನಿಜ, ಆದರೆ ಮುಂದಿನ ಸೂಲಿನ ಹಾಲು ತಯಾರಾಗುತ್ತಿರುವುದು ಆ ಗೂಟದಲ್ಲೇ. ಎಚ್‌ಎಫ್ ಮಿಶ್ರತಳಿಗಂತೂ ನಾಟಿ ಹಸುವಿನಷ್ಟು ಬಿಸಿಲು ತಡೆಯುವ ಶಕ್ತಿಯಿಲ್ಲ. ಹೊಂಗೆ, ಬೇವಿನ ನೆರಳಾದರೂ ಸಾಕು, ದಿನವಿಡೀ ಬಾಯಿಗೆ ಸಿಗುವಂತೆ ನೀರಿರಲಿ. ಮೈಗೆ ನೀರು ಹಾಕಿದರೆ ಗಾಳಿಯೂ ಆಡಬೇಕು, ಮುಚ್ಚಿದ ಕೊಟ್ಟಿಗೆಯಲ್ಲಿ ಬರೀ ನೀರೆರಚಿದರೆ ಸೆಕೆ ಹೆಚ್ಚುತ್ತದೆ.

ಕೃತಕ ಗರ್ಭಧಾರಣೆ ಮಾಡಿಸಿದ ಹಸುವಿಗೂ ಇದೇ ಮಾತು. ಮೊದಲ ಕೆಲವು ದಿನಗಳ ಭ್ರೂಣ ಬಿಸಿಗೆ ಬಹಳ ಸೂಕ್ಷ್ಮ. ಸೂಜಿ ಹಾಕಿಸಿ ನಡು ಮಧ್ಯಾಹ್ನ ಮೈಲಿಗಟ್ಟಲೆ ನಡೆಸಿಕೊಂಡು ಹೋಗಬೇಡಿ.

ಹಾಗೆಂದು ಎಲ್ಲ ಗರ್ಭಪಾತಕ್ಕೂ ಬಿಸಿಲೇ ಕಾರಣವಲ್ಲ. ಐದು ತಿಂಗಳು ದಾಟಿದ ಮೇಲೆ ಹಸು ಕಂದು ಹಾಕಿದರೆ ಬ್ರುಸೆಲ್ಲಾ ರೋಗವನ್ನು ಮೊದಲು ಶಂಕಿಸಿ. ಬಿದ್ದ ಕಂದನ್ನಾಗಲಿ ಸತ್ತೆಯನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ, ಆ ರೋಗ ಮನುಷ್ಯರಿಗೂ ಹರಡುತ್ತದೆ. ಪರೀಕ್ಷೆಗೆ ನಮ್ಮನ್ನು ಕರೆಯಿರಿ.

ಬಿಸಿಲಿನ ಬಳಲಿಕೆ ತಿಳಿಯಲು ಯಂತ್ರ ಬೇಕಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಗಬ್ಬದ ಹಸುವಿನ ಪಕ್ಕೆ ನೋಡುತ್ತಾ 15 ಸೆಕೆಂಡು ಉಸಿರು ಎಣಿಸಿ, ನಾಲ್ಕರಿಂದ ಗುಣಿಸಿ. 60 ದಾಟಿದರೆ ತಡಮಾಡದೆ ನೆರಳಿಗೆ ಕಟ್ಟಿ, ನೀರು ಕುಡಿಸಿ. ಬಾಯಿ ತೆರೆದು ಜೊಲ್ಲು ಸುರಿಸುತ್ತಾ ಏದುಸಿರು ಬಿಡುತ್ತಿದ್ದರೆ ಮೈ ಮೇಲೆ ತಣ್ಣೀರು ಸುರಿದು, ಕೂಡಲೇ ಫೋನ್ ಮಾಡಿ.